ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿದ್ದಾಗ



ಊರಿನ ಕಬಡ್ಡಿ ಪಂದ್ಯ ನಡೆದಿದೆ ಎಂದುಕೊಳ್ಳಿ. ಎದುರಾಳಿ ತಂಡದ ಹುಡುಗ ದಾಳಿಗೆ ಬಂದು ತಿರುಗುವಾಗ ಅವನ ಬೆರಳು ನಿಮ್ಮ ಮೊಣಕೈಗೆ ತಾಗಿತು. ಧೂಳಿನಲ್ಲಿ ತೀರ್ಪುಗಾರರಿಗೆ ಕಾಣಲಿಲ್ಲ. ತಾಗಿತೋ ಇಲ್ಲವೋ ಎಂಬ ಅನುಮಾನ ಆ ಹುಡುಗನಿಗೂ ಇದೆ. ನಿಮಗೆ ಮಾತ್ರ ಅನುಮಾನವಿಲ್ಲ. ಈಗ ನೀವು ಕೈ ಎತ್ತಿ ಹೊರಗೆ ನಡೆಯಬೇಕೋ, ಸುಮ್ಮನೆ ನಿಲ್ಲಬೇಕೋ? ಬಾಯಿ ಬಿಟ್ಟು ಸುಳ್ಳು ಹೇಳಿಲ್ಲವಲ್ಲ, ಸುಮ್ಮನಿರುವುದೂ ಸುಳ್ಳಾಗುತ್ತದೆಯೇ?

ಆಟದ ಮಾತಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. ಆದರೆ ನಮ್ಮ ಮಕ್ಕಳು ನ್ಯಾಯ, ಅನ್ಯಾಯ ಎಂಬ ಮಾತುಗಳನ್ನು ಮೊದಲು ಆಡುವುದು ಆಟದ ಬಯಲಿನಲ್ಲಿಯೇ. ಅಲ್ಲಿ ಕಲಿತದ್ದು ಮುಂದೆ ಅಂಗಡಿ, ಕಚೇರಿ, ಸಂಘದ ಪುಸ್ತಕಗಳಿಗೂ ಹೋಗುತ್ತದೆ.

ಕಲಘಟಗಿ ತಾಲ್ಲೂಕಿನ ತಂಬೂರನ್ನೂ ಸೇರಿಸಿಕೊಂಡಂತೆ ಧಾರವಾಡ ಸೀಮೆಗೆ ನಾಗರ ಪಂಚಮಿ ಎಂದರೆ ಜೋಕಾಲಿಯ ಹಬ್ಬ, ಆಟದ ಹಬ್ಬ. ಈ ಭಾಗದ ಹಳ್ಳಿಗಳಲ್ಲಿ ನಿಂಬೆಹಣ್ಣು ಒಗೆಯುವ ಪಣವೂ ಉಂಟು. ಇಷ್ಟು ಒಗೆತದಲ್ಲಿ ಇಂಥ ಕಡೆ ಮುಟ್ಟುತ್ತೇನೆ ಎಂದು ಒಬ್ಬ ಮಾತು ಕೊಡುತ್ತಾನೆ. ಹಣ್ಣು ಬಿದ್ದ ಜಾಗದಿಂದ ಮತ್ತೆ ಒಗೆಯಬೇಕು. ಈ ಆಟಕ್ಕೆ ಪೇಟೆಯಿಂದ ಬಂದ ಅಂಪೈರ್ ಇಲ್ಲ, ಅಚ್ಚಾದ ನಿಯಮಪುಸ್ತಕವೂ ಇಲ್ಲ. ಹಣ್ಣು ಎಲ್ಲಿ ಬಿತ್ತು ಎಂದು ತೋರಿಸುವವನೂ ಗೆಳೆಯ, ಎಷ್ಟನೆಯ ಒಗೆತ ಎಂದು ಎಣಿಸುವವನೂ ಗೆಳೆಯ. ಅವನ ಬಾಯಿ ಸರಿಯಿದ್ದರೆ ಮಾತ್ರ ಅದು ಆಟ.

ಇಂಗ್ಲೆಂಡಿನಲ್ಲಿ ಇದೇ ರೀತಿ ಎಸೆದು ಎಣಿಸುವ ಆಟವೊಂದಿದೆ, ಡಾರ್ಟ್ಸ್. ಗೋಡೆಯ ಮೇಲಿನ ದುಂಡು ಹಲಗೆಗೆ ಸರದಿಗೆ ಮೂರರಂತೆ ಚಿಕ್ಕ ಬಾಣಗಳನ್ನು ಎಸೆಯುತ್ತಾರೆ. ಸಾಮಾನ್ಯವಾಗಿ 501ರಿಂದ ಆರಂಭಿಸಿ ಕಳೆಯುತ್ತ ಬಂದು, ಕೊನೆಯ ಬಾಣವನ್ನು ಎರಡರಷ್ಟು ಅಂಕದ ಪಟ್ಟಿಗೆ ಹೊಡೆದು ಸರಿಯಾಗಿ ಸೊನ್ನೆಗೆ ನಿಲ್ಲಿಸಬೇಕು. ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಆ ಸರದಿಯ ಅಂಕವೆಲ್ಲ ವ್ಯರ್ಥ. ಊರೂರಿನ ಲೀಗ್‌ಗಳಲ್ಲಿ ಆಟಗಾರರೇ ಸರದಿಯಂತೆ ಹಲಗೆಯ ಪಕ್ಕ ನಿಂತು ಲೆಕ್ಕ ಬರೆಯುವ ರೂಢಿಯಿದೆ. ಅಲ್ಲಿನ ಒಂದು ನಿಯಮ ನನಗೆ ಬಹಳ ಇಷ್ಟ: ಅಂಕ ಹೇಳಿ ಬರೆದು ಮುಗಿಯುವವರೆಗೆ ಬಾಣವನ್ನು ಹಲಗೆಯಿಂದ ಕೀಳುವಂತಿಲ್ಲ. ಸಾಕ್ಷಿ ಕಣ್ಣೆದುರು ಇರುವಾಗಲೇ ಲೆಕ್ಕ ಮುಗಿಯಬೇಕು ಎಂಬುದು ಅದರ ಅರ್ಥ. ಎಷ್ಟೋ ಮನೆಗಳ ಆಸ್ತಿ ಜಗಳಗಳಲ್ಲಿ ಈ ಒಂದು ನಿಯಮ ಪಾಲಿಸಿದ್ದರೆ ಅಣ್ಣತಮ್ಮಂದಿರು ಇಂದಿಗೂ ಮಾತನಾಡುತ್ತಿದ್ದರು!

ಈಗ ಮೊದಲ ಪ್ರಶ್ನೆಗೆ ಬರೋಣ. ತೀರ್ಪು ಕೊಡುವುದು ತೀರ್ಪುಗಾರರ ಕೆಲಸ, ನನ್ನದಲ್ಲ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗೆರೆ ತುಳಿದನೋ ಇಲ್ಲವೋ ಎಂಬುದು ಯಾರಿಗೂ ಖಚಿತವಿಲ್ಲದಾಗ ತೀರ್ಪುಗಾರರ ಮಾತೇ ಕೊನೆ, ಅದನ್ನು ಒಪ್ಪಬೇಕು. ಅದು ಅಭಿಪ್ರಾಯದ ವಿಷಯ. ಆದರೆ ಮೊಣಕೈಗೆ ಬೆರಳು ತಾಗಿದ್ದು ನಿಮ್ಮ ಅಭಿಪ್ರಾಯವಲ್ಲ, ನಿಮಗೆ ಗೊತ್ತಿರುವ ಸಂಗತಿ. ಗೊತ್ತಿರುವವನು ಗೊತ್ತಿಲ್ಲದವನ ತೀರ್ಪಿನ ಹಿಂದೆ ಅಡಗುವುದು ಸರಿಯೇ? ಇನ್ನು ಲೆಕ್ಕದ ಪುಸ್ತಕ ಕೈಯಲ್ಲಿ ಹಿಡಿದವನಿಗಂತೂ ಈ ನೆಪವೂ ಇಲ್ಲ. ಪೆನ್ನು ಹಿಡಿದ ಕ್ಷಣ ಅವನು ಯಾವ ತಂಡದವನೂ ಅಲ್ಲ. ಅವನು ಎರಡೂ ತಂಡಗಳ ಪರವಾಗಿ ನಿಂತ ಸಾಕ್ಷಿ.

ನಿಯಮದ ಅಕ್ಷರ ಕೆಲವೊಮ್ಮೆ ಪ್ರಾಮಾಣಿಕನಿಗೇ ಪೆಟ್ಟು ಕೊಡುವುದುಂಟು. 1968ರ ಏಪ್ರಿಲ್ 14ರಂದು ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಪಂದ್ಯದ ಕೊನೆಯ ದಿನ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಅವರಿಗೆ ಅಂದು 45 ವರ್ಷ ತುಂಬಿತ್ತು. ಗಾಲ್ಫ್‌ನಲ್ಲಿ ಜೊತೆಗೆ ಆಡುವವನೇ ನಿಮ್ಮ ಲೆಕ್ಕ ಬರೆಯುತ್ತಾನೆ. 17ನೆಯ ಕುಳಿಯಲ್ಲಿ ಅವರು 3 ಹೊಡೆತದಲ್ಲಿ ಮುಗಿಸಿದ್ದನ್ನು ಜೊತೆಗಾರ ಟಾಮಿ ಆರನ್ ತಪ್ಪಿ 4 ಎಂದು ಬರೆದರು. ಡಿ ವಿಸೆಂಜೊ ಗಮನಿಸದೆ ಸಹಿ ಹಾಕಿದರು. ಸಹಿಯಾದ ಚೀಟಿಯಲ್ಲಿ ನಿಜಕ್ಕಿಂತ ಹೆಚ್ಚಿನ ಅಂಕವಿದ್ದರೆ ಅದೇ ನಿಲ್ಲುತ್ತದೆ ಎಂಬುದು ನಿಯಮ. ಮೊದಲ ಸ್ಥಾನದಲ್ಲಿ ಸಮನಾಗಬೇಕಿದ್ದವರು ಒಂದೇ ಹೊಡೆತದ ಅಂತರದಲ್ಲಿ ಎರಡನೆಯವರಾದರು. ಬಾಬ್ ಗೋಲ್ಬಿ ಗೆದ್ದರು. ಸಾವಿರಾರು ಜನ ಕಣ್ಣಾರೆ ನೋಡಿದ ಆ 3 ಲೆಕ್ಕಕ್ಕೆ ಬರಲಿಲ್ಲ.

ಇದು ಅನ್ಯಾಯವಲ್ಲವೇ ಎಂದು ಕೇಳಬೇಕೆನಿಸುತ್ತದೆ. ಆದರೆ ಯೋಚಿಸಿ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಬರೆದವರು ಎಡವಿದರು, ಓದಬೇಕಾದವರು ಓದಲಿಲ್ಲ. ಸಹಿ ಎಂದರೆ "ಇದು ಸರಿಯಿದೆ, ನಾನು ನೋಡಿದ್ದೇನೆ" ಎಂಬ ಮಾತು. ಅಪ್ರಾಮಾಣಿಕತೆ ಬೇರೆ, ಅಜಾಗರೂಕತೆ ಬೇರೆ. ಆದರೆ ಎರಡರಿಂದಲೂ ಲೆಕ್ಕ ಕೆಡುತ್ತದೆ. ಆದ್ದರಿಂದ ನಾನು ಒಳ್ಳೆಯವನು ಎಂದರೆ ಸಾಲದು, ಓದಿ ಸಹಿ ಹಾಕಬೇಕು.

ಇನ್ನೂ ಕಷ್ಟದ ಪ್ರಶ್ನೆಯೊಂದಿದೆ. ನನ್ನ ಪ್ರಾಮಾಣಿಕತೆಯ ಬೆಲೆಯನ್ನು ನಾನೊಬ್ಬನೇ ತೆರುವುದಾದರೆ ಸರಿ. ನನ್ನ ತಂಡವೆಲ್ಲ ತೆರಬೇಕಾಗಿ ಬಂದರೆ? 1980ರ ಫೆಬ್ರವರಿಯಲ್ಲಿ ಮುಂಬೈನ ವಾಂಖೆಡೆ ಮೈದಾನದಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅವರು ಭಾರತದ ನಾಯಕರು. ಭಾರತ 242 ರನ್ ಗಳಿಸಿತ್ತು. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಆಗ ಬಾಬ್ ಟೇಲರ್ ವಿಕೆಟ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಚಿತವಾಗಿದ್ದ ವಿಶ್ವನಾಥ್ ಅಂಪೈರ್ ಜೊತೆ ಮಾತನಾಡಿ ಟೇಲರ್ ಅವರನ್ನು ಮತ್ತೆ ಆಡಲು ಕರೆದರು. ಟೇಲರ್ ಮತ್ತು ಇಯಾನ್ ಬೋಥಮ್ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಹತ್ತು ಮಂದಿ ಜೊತೆಗಾರರ ಗೆಲುವನ್ನು ದಾನ ಮಾಡಲು ಇವರಿಗೆ ಹಕ್ಕೆಲ್ಲಿತ್ತು ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ತಂದೆಯೊಬ್ಬ ತನ್ನ ಮಕ್ಕಳ ಊಟವನ್ನು ಬೇರೆಯವರಿಗೆ ಕೊಟ್ಟು ಉದಾರಿ ಎನಿಸಿಕೊಳ್ಳುವುದು ಸರಿಯಲ್ಲ. ಆದರೆ ಇಲ್ಲಿ ಕೊಟ್ಟದ್ದು ದಾನವೇ? ಆ ವಿಕೆಟ್ ಭಾರತದ್ದಾಗಿಯೇ ಇರಲಿಲ್ಲ. ತನ್ನದಲ್ಲದ್ದನ್ನು ಹಿಂದಿರುಗಿಸುವುದು ದಾನವಲ್ಲ, ಬಾಕಿ ತೀರಿಸುವುದು. ಅಂಗಡಿಯಾತ ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟಾಗ, ಮನೆಯವರಿಗೆಲ್ಲ ಉಪಯೋಗಕ್ಕೆ ಬರುತ್ತದೆ ಎಂದು ಇಟ್ಟುಕೊಳ್ಳಬಹುದೇ? ಮನೆಯ ಪ್ರೀತಿ ದೊಡ್ಡದು ನಿಜ, ಆದರೆ ಆ ಪ್ರೀತಿ ಪಕ್ಕದ ಮನೆಯ ಹಣವನ್ನು ನಮ್ಮದಾಗಿಸುವುದಿಲ್ಲ.

ಹಾಗೆಂದು ಸತ್ಯ ಹೇಳಿದರೆ ಕೊನೆಗೆ ಗೆಲುವು ನಮ್ಮದೇ ಎಂದು ಮಕ್ಕಳಿಗೆ ಹೇಳಬೇಡಿ. ವಿಶ್ವನಾಥ್ ಸೋತರು. ಸೋಲಬಹುದು ಎಂದು ಗೊತ್ತಿದ್ದೂ ಸರಿಯಾದದ್ದನ್ನು ಮಾಡುವುದೇ ಪ್ರಾಮಾಣಿಕತೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ನಿಯಮದಂತೆ ಆಡುವ ಕ್ರೀಡಾಪಟುವಿನ ಹೋಲಿಕೆಯನ್ನು ಕಷ್ಟ ಸಹಿಸುವ ಮಾತಿನ ಜೊತೆಗೇ ಕೊಡುತ್ತಾರೆ ಎಂಬುದನ್ನು ಗಮನಿಸಿ.

ತಂದೆತಾಯಂದಿರೇ, ಗೆರೆಯ ಹೊರಗೆ ನಿಂತು ನಾವು ಏನು ಕೂಗುತ್ತೇವೆ? "ಯಾರೂ ನೋಡಿಲ್ಲ, ಸುಮ್ನಿರು" ಎಂದು ಮಗನಿಗೆ ಕಣ್ಣು ಮಿಟುಕಿಸಿದರೆ, ನಾಳೆ ಅವನು ಮನೆಯ ಲೆಕ್ಕದಲ್ಲೂ ನಾವು ನೋಡದ್ದನ್ನು ಹೇಳಲಾರ. ಕೈ ಎತ್ತಿ ಹೊರಬಂದ ಮಗನನ್ನು ಪೆದ್ದ ಎನ್ನಬೇಡಿ. ಗೆಳೆಯರು ಅವನನ್ನು ಅಂದು ಬೈಯಬಹುದು. ಆ ಸಂಜೆ ಅವನಿಗೆ ಮನೆಯಲ್ಲಾದರೂ ಒಬ್ಬರು ಬೆಂಬಲವಾಗಿರಲಿ.

ಮುಂದಿನ ಪಂದ್ಯದಲ್ಲಿ ನಿಮ್ಮ ಕೈಗೇ ಪುಸ್ತಕ ಬಂದರೆ ಹೀಗೆ ಮಾಡಿ. ಪ್ರತಿ ಅಂಕವನ್ನು ಎರಡೂ ಕಡೆಯವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿ, ಆಮೇಲೆ ಬರೆಯಿರಿ. ಆಗಾಗ ಎದುರು ತಂಡದವರ ಲೆಕ್ಕದೊಂದಿಗೆ ಹೋಲಿಸಿ. ತಿದ್ದಬೇಕಾದರೆ ಎಲ್ಲರ ಎದುರಿಗೆ ತಿದ್ದಿ. ನಿಮ್ಮ ತಂಡಕ್ಕೆ ಕಡಿಮೆ ಬಿದ್ದಾಗ ಎಷ್ಟು ಬೇಗ ಕೂಗುತ್ತೀರೋ, ಎದುರಿನವರಿಗೆ ಕಡಿಮೆ ಬಿದ್ದಾಗಲೂ ಅಷ್ಟೇ ಬೇಗ ಕೂಗಿ. ಸಂಘದ ಹಣ, ಹಾಲಿನ ಲೆಕ್ಕ, ಕೂಲಿಯ ಹಾಜರಿ ಬರೆಯುವವರಿಗೂ ಇಷ್ಟೇ ನಿಯಮ ಸಾಕು.