ಹೊಗಳಿಕೆಯು ಯಾರಿಗೆ ಸಲ್ಲತಕ್ಕದ್ದು?

೧೯೧೩ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ಹೆಸರನ್ನು ಕೂಡ್ಲಿಗಿಯಿಂದ ಹಡಗಲಿಯ ವರೆಗೆ ಓದು ಬಲ್ಲವರು ಅರಿತಿದ್ದಾರೆ. ಅವರ ಮನೆಯಾಕೆಯ ಹೆಸರೇನೆಂದು ಕೇಳಿದರೆ ಉತ್ತರ ಕೊಡುವವರು ಎಷ್ಟು ಮಂದಿ? ಗ್ರಂಥಕರ್ತನ ಹೆಸರು ಪುಸ್ತಕದ ಮೇಲೆ ಅಚ್ಚಾಗುವದು. ಅವನ ಜೊತೆಯಲ್ಲಿ ಬಾಳಿದವಳ ಹೆಸರು ಮನೆಯ ಹೊಸ್ತಿಲನ್ನು ದಾಟದು. ಇದರಲ್ಲಿ ಅನ್ಯಾಯವುಂಟೋ ಎಂಬದನ್ನು ವಿಚಾರಿಸೋಣ.

ಸ್ವೀಡನ್ ದೇಶದ ಬ್ಯೋರ್ನ್ ರೂಂಗೆ ಎಂಬವರು ೨೦೧೭ರಲ್ಲಿ ತೆಗೆದ ‘ದಿ ವೈಫ್’ ಎಂಬ ಚಲನಚಿತ್ರದಲ್ಲಿ ಒಬ್ಬ ಪ್ರಖ್ಯಾತ ಲೇಖಕನಿಗೆ ನೊಬೆಲ್ ಬಹುಮಾನ ಬರುವದು. ಆದರೆ ಅವನ ಹೆಸರಿನ ಪುಸ್ತಕಗಳನ್ನು ಅನೇಕ ವರುಷ ಕೋಣೆಯ ಬಾಗಿಲು ಮುಚ್ಚಿಕೊಂಡು ಬರೆದವಳು ಅವನ ಹೆಂಡತಿ. ಔತಣದಲ್ಲಿ ತನ್ನನ್ನು ವಂದಿಸಬೇಡವೆಂದು ಅವಳು ಕೇಳಿಕೊಂಡಿದ್ದರೂ ಅವನು ಸಭೆಯ ಮುಂದೆ, ನನಗೆ ಸ್ಫೂರ್ತಿಯಾದವಳು ಇವಳೇ ಎಂದು ಕೊಂಡಾಡುವನು. ಅವಳು ಎದ್ದು ಹೊರಟುಹೋಗುವಳು. ಯಾಕಂದರೆ ಆ ವಂದನೆಯೇ ಸುಳ್ಳಿನ ಹೊದಿಕೆ. ಮಾಡಿದವಳನ್ನು ನೆರವಾದವಳೆಂದು ಕರೆಯುವದು, ಸಾಲವಾಗಿ ತಂದದ್ದನ್ನು ಇನಾಮು ಬಂತೆಂದು ಲೆಕ್ಕ ಬರೆದಂತಲ್ಲವೇ?

ಅವಳೇ ಒಪ್ಪಿ ಸುಮ್ಮನಿದ್ದಳಲ್ಲಾ ಎಂದು ಕೆಲವರು ಕೇಳಬಹುದು. ಹೌದು, ಆ ಸುಳ್ಳಿನಲ್ಲಿ ಅವಳೂ ಪಾಲುಗಾರಳೇ. ಆದರೆ ಕೊಟ್ಟವಳ ಮೌನವು ತೆಗೆದುಕೊಂಡವನನ್ನು ಬಿಡುಗಡೆ ಮಾಡದು. ಶೇಂಗಾ ಬಿಡಿಸಿದ ಹೆಂಡತಿಯು ಹಣದ ಮಾತೆತ್ತದಿದ್ದ ಮಾತ್ರಕ್ಕೆ, ಕೊಟ್ಟೂರಿನಲ್ಲಿ ಮಾರಿ ಬಂದ ಗಂಡನು ಬೆಳೆಯೆಲ್ಲಾ ತನ್ನ ಬೆವರೇ ಅನ್ನಬಹುದೋ?

ಅದು ಕಟ್ಟುಕಥೆ. ನಮ್ಮ ಕನ್ನಡನಾಡಿನಲ್ಲಿ ಬೇರೊಂದು ವಿಧದ ನಿಜವಾದ ದೃಷ್ಟಾಂತವುಂಟು. ಮುದ್ದಣನೆಂದು ಹೆಸರಾದ ನಂದಳಿಕೆ ಲಕ್ಷ್ಮೀನಾರಾಯಣಪ್ಪನವರು (೧೮೭೦–೧೯೦೧) ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದರು. ಬಡವರು, ಕ್ಷಯರೋಗದಿಂದ ೩೧ ವರುಷಕ್ಕೇ ತೀರಿಹೋದರು. ತಾವು ಬರೆದದ್ದನ್ನು ಯಾರೋ ಹಳೆಯ ಕವಿಯದೆಂದು ಹೇಳಿ ಅಚ್ಚಿಗೆ ಕಳುಹಿಸಿದರು. ನಿಜವು ಲೋಕಕ್ಕೆ ತಿಳಿದದ್ದು ಅವರ ಮರಣದ ತರುವಾಯ. ತಮ್ಮ ಹೆಸರನ್ನು ಹೀಗೆ ಅಡಗಿಸಿದವರು ‘ಶ್ರೀರಾಮಾಶ್ವಮೇಧಂ’ ಎಂಬ ಗ್ರಂಥದಲ್ಲಿ ಹೆಂಡತಿಯ ಮಾತನ್ನು ಮಾತ್ರ ಅಡಗಿಸಲಿಲ್ಲ. ಅಲ್ಲಿ ಮನೋರಮೆಯು ಕಥೆ ಹೇಳುವ ಗಂಡನನ್ನು ನಡುನಡುವೆ ತಡೆಯುವಳು, ಕೆಣಕುವಳು. ಬಿಗಿಯಾದ ಸಂಸ್ಕೃತ ತನಗೆ ಬೇಡ, ತಿಳಿಯಾದ ಕನ್ನಡದಲ್ಲಿ ಹೇಳೆಂದು ಹಟ ಹಿಡಿಯುವಳು. ಆ ಕಥೆಗೆ ಅಷ್ಟು ಸೊಗಸು ಬಂದದ್ದು ಅವಳ ತಡೆಯಿಂದಲೇ ಎಂದು ನಾವು ಎಣಿಸುತ್ತೇವೆ. ರಾಮನ ಯಜ್ಞದ ಕುದುರೆಯನ್ನು ಮರೆತವರೂ ಈ ಗಂಡಹೆಂಡಿರ ಸಲ್ಲಾಪವನ್ನು ಮರೆತಿಲ್ಲ.

ಆದರೂ ಮನೋರಮೆಯೆಂಬದು ಕವಿಯು ಇಟ್ಟ ಹೆಸರು. ಮನೆಯಲ್ಲಿ ಒಲೆ ಹೊತ್ತಿಸಿ, ರೋಗಿಯಾದ ಗಂಡನೊಂದಿಗೆ ಬಡತನವನ್ನು ಸಹಿಸಿದವರು ಕಮಲಾಬಾಯಿ. ಮನೋರಮೆಯ ಮಾತುಗಳಲ್ಲಿ ಎಷ್ಟು ಅವರ ಬಾಯಿಂದ ಬಂದವೆಂದು ನಾವು ಅರಿಯೆವು.