ಕಾಣದ ತಿರುಪುಮೊಳೆ

ಕೈಯಿಂದ ಮಾಡುವ ಕೆಲಸವು ಮನಸ್ಸಿಗೆ ಒರೆಗಲ್ಲು. ಮಾತಿನಲ್ಲಿ ತಾಳ್ಮೆಯುಳ್ಳವನೆನಿಸಿಕೊಳ್ಳುವುದು ಸುಲಭ. ಓರೆಯಾಗಿ ಹೊಕ್ಕ ಮೊಳೆಯನ್ನು ಕಿತ್ತು ಮತ್ತೆ ನೆಟ್ಟಗೆ ಹೊಡೆಯುವಾಗ ಆ ತಾಳ್ಮೆಯ ತೂಕವೆಷ್ಟೆಂಬುದು ಬೆಳಕಿಗೆ ಬರುತ್ತದೆ. ಕೆಲಸದ ಮುಂದೆ ಮನುಷ್ಯನು ತನ್ನನ್ನು ತಾನು ಮರೆಮಾಚಿಕೊಳ್ಳಲಾರನು. ಕಾಯಕವನ್ನು ಸಾಧನೆಯೆಂದು ಶರಣರು ಎತ್ತಿ ಹಿಡಿದುದರಲ್ಲಿ ಈ ಮರ್ಮವೂ ಅಡಗಿದೆ.

ಇಂದಿನ ಪಟ್ಟಣವಾಸಿ ಗೃಹಸ್ಥನಿಗೆ ಕೈಗೆಲಸದ ಸಂದರ್ಭಗಳು ವಿರಳ. ಹಿಟ್ಟು ಬೀಸಿಯೇ ಬರುತ್ತದೆ, ಬಟ್ಟೆ ಹೊಲಿದೇ ಬರುತ್ತದೆ. ಇಂತಹವನ ಮನೆಗೆ ಈಚೆಗೆ ಒಂದು ಕೆಲಸವು ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿ ಬರತೊಡಗಿದೆ. ಅವನು ಕೊಂಡುದು ಕಪಾಟು. ಪೆಟ್ಟಿಗೆಯಲ್ಲಿ ಇರುವುದಾದರೋ ಒಂದಷ್ಟು ಹಲಗೆಗಳು, ಮರದ ಸಣ್ಣ ಗೂಟಗಳು, ತಿರುಪುಮೊಳೆಗಳು, ಅವನ್ನು ಬಿಗಿಯಲು ಆರು ಮೂಲೆಯ ಡೊಂಕು ಕೀಲಿ, ಮತ್ತು ಚಿತ್ರಗಳ ಒಂದು ಕಿರುಪುಸ್ತಕ. ಇವೆಲ್ಲವನ್ನೂ ಕಪಾಟಾಗಿ ನಿಲ್ಲಿಸುವ ಹೊಣೆ ಕೊಂಡವನದೇ.

ಈ ಪದ್ಧತಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ವಿಯೆನ್ನಾ ನಗರದಲ್ಲಿ ನೆಲಸಿದ್ದ ಮೈಕೇಲ್ ಥೋನೆಟ್ ಎಂಬವನು ಬಗ್ಗಿಸಿದ ಮರದಿಂದ ಒಂದು ಕುರ್ಚಿಯನ್ನು 1859ರಲ್ಲಿ ಹೊರತಂದನು. ಅದಕ್ಕೆ ಬೇಕಾದುವು ಮರದ ಆರು ಭಾಗಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು, ಅಷ್ಟೇ. ಬಿಡಿಬಿಡಿಯಾಗಿ ಅಡಕಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದುವು. ಮುಂದೆ ಸ್ವೀಡನ್ ದೇಶದಲ್ಲಿ, ಇಂಗ್ವಾರ್ ಕಾಂಪ್ರಾಡ್ ಎಂಬ ತರುಣನು ತನ್ನ 17ನೆಯ ವಯಸ್ಸಿನಲ್ಲಿ, 1943ರಲ್ಲಿ, ಆರಂಭಿಸಿದ ಐಕಿಯಾ ಸಂಸ್ಥೆಯು ಇದನ್ನು ಮನೆಮನೆಗೆ ಮುಟ್ಟಿಸಿತು. ಆ ಸಂಸ್ಥೆಯ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬವನು ಒಂದು ಮೇಜನ್ನು ಕಾರಿನೊಳಗೆ ಹಿಡಿಸಲಾರದೆ ಅದರ ಕಾಲುಗಳನ್ನು ಕಳಚಿದನೆಂದೂ, ಅಲ್ಲಿಂದ ಈ ಉಪಾಯವು ಬೆಳೆಯಿತೆಂದೂ ಹೇಳುವರು. 1956ರಿಂದ ಅಲ್ಲಿ ಇಂತಹ ಚಪ್ಪಟೆ ಪೆಟ್ಟಿಗೆಗಳ ವ್ಯಾಪಾರ ನಡೆಯುತ್ತ ಬಂದಿದೆ. 2022ರ ಜೂನ್ ತಿಂಗಳಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿಯೂ ಅದರ ಮಳಿಗೆ ತೆರೆಯಿತು.

ಇದರ ಲಾಭವೇನು? ಜೋಡಿಸಿದ ಮೇಜನ್ನು ದೂರಕ್ಕೆ ಸಾಗಿಸುವುದೆಂದರೆ ಅದರ ಕಾಲುಗಳ ನಡುವಣ ಗಾಳಿಗೂ ಬಾಡಿಗೆ ತೆತ್ತಂತೆ. ಬಿಚ್ಚಿ ಸಾಗಿಸಿದರೆ ಆ ಖರ್ಚು ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಇಳಿದ ಬೆಲೆಗೆ ಬದಲಾಗಿ ಗೃಹಸ್ಥನು ತನ್ನ ದುಡಿಮೆಯನ್ನು ಕೊಡಬೇಕು. ಪರೀಕ್ಷೆ ಆರಂಭವಾಗುವುದು ಇಲ್ಲಿಂದಲೇ.

ಒಬ್ಬ ಗೃಹಸ್ಥನನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳೋಣ. ಭಾನುವಾರದ ಬೆಳಗ್ಗೆ ಅವನು ಪೆಟ್ಟಿಗೆಯನ್ನು ಬಿಚ್ಚಿದನು. ಹೆಂಡತಿಯು, “ರೀ, ಮೊದಲು ಆ ಪುಸ್ತಕವನ್ನು ಪೂರ್ತಿ ನೋಡಿಬಿಡಿ” ಎಂದಳು. “ನಾಲ್ಕು ಹಲಗೆ ಕೂಡಿಸುವುದಕ್ಕೆ ಪುಸ್ತಕವೇ?” ಎಂದು ಅವನು ನಕ್ಕನು. ಎರಡು ಗಂಟೆ ಕಳೆದ ಮೇಲೆ ಕಪಾಟನ್ನು ಎತ್ತಿ ನಿಲ್ಲಿಸಿ ನೋಡಿದರೆ, ನಡುವಿನ ಹಲಗೆಯ ನಯವಾದ ಅಂಚು ಹಿಂದಕ್ಕೂ, ಬಣ್ಣ ಕಾಣದ ಒರಟು ಅಂಚು ಮುಂದಕ್ಕೂ ಇದ್ದುವು. ಅದನ್ನು ತಿರುಗಿಸಲು ಆಮೇಲೆ ಕೂಡಿಸಿದ ಹಲಗೆಗಳನ್ನೆಲ್ಲ ಕಳಚಬೇಕು. ಅವನು ಸಿಟ್ಟಿನಿಂದ ಕೀಲಿಯನ್ನು ಬಲವಾಗಿ ತಿರುಗಿಸಿದನು. ಮೊಳೆ ಹಿಡಿತ ಬಿಟ್ಟು ಸುಮ್ಮನೆ ಸುತ್ತತೊಡಗಿತು. ಆ ಹಲಗೆಯು ತೇಗವಾಗಿರಲಿಲ್ಲ, ಮರದ ಹೊಟ್ಟನ್ನು ಅಂಟಿನೊಡನೆ ಒತ್ತಿ ಮಾಡಿದುದು. ಮಿತಿಮೀರಿ ಬಿಗಿದರೆ ಅದರ ರಂಧ್ರವು ಉದುರಿಹೋಗುತ್ತದೆ. ಕೋಪದಿಂದ ಬಿಗಿದುದು ಸಡಿಲವೇ ಆಗುವುದು. ಇದು ಹಲಗೆಗೆ ಮಾತ್ರ ಸಲ್ಲುವ ಮಾತಲ್ಲ.

ಬಲ್ಲವರು ಹೇಗೆ ಮಾಡುವರು? ಅವರು ಮೊದಲು ಭಾಗಗಳನ್ನು ಎಣಿಸಿಟ್ಟುಕೊಳ್ಳುವರು. ಚಿತ್ರದಲ್ಲಿ ರಂಧ್ರಗಳು ಯಾವ ಕಡೆಗೆ ಮುಖ ಮಾಡಿವೆಯೆಂದು ಕೈಯಲ್ಲಿರುವ ಹಲಗೆಯೊಡನೆ ಹೋಲಿಸಿ ನೋಡುವರು. ಮೊಳೆಗಳನ್ನೆಲ್ಲ ಮೊದಲು ಸಡಿಲವಾಗಿಯೇ ಕೂರಿಸಿ, ಚೌಕಟ್ಟು ಸರಿಯಾಗಿ ನಿಂತ ಮೇಲೆ ಒಂದೊಂದಾಗಿ ಬಿಗಿಯುವರು. ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯುವರು. ಓರೆಯಾದ ಆ ಎರಡು ಅಳತೆಗಳೂ ಸಮನಾದರೆ ಚೌಕಟ್ಟು ನೇರವಾಗಿದೆಯೆಂದು ಅರ್ಥ. ಇದರಲ್ಲಿ ಮಹಾವಿದ್ಯೆಯೇನೂ ಇಲ್ಲ. ಒಂದು ಹೆಜ್ಜೆ ಮುಗಿಯುವ ಮೊದಲು ಮುಂದಿನ ಹೆಜ್ಜೆಗೆ ಆತುರಪಡದ ಗುಣವೊಂದಿದ್ದರೆ ಸಾಕು. ಆದರೆ ಆ ಗುಣವೇ ದುರ್ಲಭ.

ದೃಷ್ಟಾಂತದ ಗೃಹಸ್ಥನು ಕಡೆಗೆ ಎಲ್ಲವನ್ನೂ ಕಳಚಿ, ಪುಸ್ತಕವನ್ನು ಮುಂದಿಟ್ಟುಕೊಂಡು ಮತ್ತೆ ಜೋಡಿಸಿದನು. ಹೆಂಡತಿ ಚಿತ್ರ ನೋಡಿ ಹೇಳಿದಳು, ಮಗಳು ಮೊಳೆಗಳನ್ನು ಎತ್ತಿಕೊಟ್ಟಳು. ಸಂಜೆಗೆ ಕಪಾಟು ನಿಂತಿತು. ಅಷ್ಟರಲ್ಲಿ ಮಗಳು, “ಅಪ್ಪಾ, ಇಲ್ಲಿ ಒಂದು ಮೊಳೆ ಉಳಿದಿದೆ” ಎಂದಳು. “ಹೆಚ್ಚಿಗೆ ಹಾಕಿರುತ್ತಾರೆ ಬಿಡಮ್ಮ” ಎಂದು ಅವನು ಅದನ್ನು ಜೇಬಿಗೆ ಹಾಕಿಕೊಂಡನು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಕೇಳದ ಭಕ್ತರಿಲ್ಲ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಾದುದನ್ನು ಕಂಡು ಎಲ್ಲಿಯೋ ಲೋಪವಾಗಿದೆಯೆಂದು ಅರಿತಳು, ಅದನ್ನು ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿದಳು. ಉಳಿದ ಮೊಳೆಯೂ ಹಾಗೆಯೇ. ಅದು ನಿಜವಾಗಿ ಹೆಚ್ಚಿನದಾಗಿರಲೂ ಬಹುದು. ಎಲ್ಲಿಯೋ ಒಂದು ಸಂದು ಬರಿದಾಗಿದೆಯೆಂಬುದರ ಗುರುತೂ ಆಗಿರಬಹುದು. ಯಾವುದೆಂಬುದನ್ನು ಪುಸ್ತಕವನ್ನು ತೆರೆದು ನೋಡುವವರೆಗೆ ತಿಳಿಯಲಾಗದು. ಜೇಬಿಗೆ ಹಾಕಿಕೊಂಡವನು ತಿಳಿಯುವ ದಾರಿಯನ್ನೇ ಮುಚ್ಚಿಕೊಂಡನು.

ಅವನು ಹಾಗೇಕೆ ಮಾಡಿದನು? ಸಂತೋಷದಿಂದ! ತನ್ನ ಕೈಯಿಂದ ಒಂದು ವಸ್ತು ಎದ್ದು ನಿಂತಾಗ ಆಗುವ ಹಿಗ್ಗು ಸಾಮಾನ್ಯವಾದುದಲ್ಲ. ಅಮೆರಿಕದ ವಿದ್ವಾಂಸರಾದ ನಾರ್ಟನ್, ಮೋಚನ್, ಆರಿಯೆಲಿ ಎಂಬ ಮೂವರು ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಒಂದು ಸಾಧಾರಣ ಪೆಟ್ಟಿಗೆಯನ್ನು ತಾವೇ ಜೋಡಿಸಿದವರು ಅದಕ್ಕೆ ಕೊಡಲೊಪ್ಪಿದ ಬೆಲೆಯು, ಜೋಡಿಸಿದ ಪೆಟ್ಟಿಗೆಯನ್ನೇ ಪಡೆದವರು ಹೇಳಿದ ಬೆಲೆಗಿಂತ ಶೇಕಡ 63ರಷ್ಟು ಹೆಚ್ಚಾಗಿತ್ತು. ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದವರಲ್ಲಿ ಈ ಒಲವು ಕಾಣಲಿಲ್ಲ. ಇದನ್ನು ಅವರು ‘ಐಕಿಯಾ ಪರಿಣಾಮ’ವೆಂದು ಕರೆದರು. ದುಡಿಮೆಯು ಪೂರ್ಣವಾದರೆ ತೃಪ್ತಿಯು ತಾನಾಗಿ ಬರುವುದೆಂಬುದು ಇದರ ಒಂದು ಮುಖ. ಹೆಮ್ಮೆಯ ಕಣ್ಣು ವಸ್ತುವನ್ನು ಇದ್ದಂತೆ ಕಾಣಲಾರದೆಂಬುದು ಇನ್ನೊಂದು ಮುಖ. ‘ನಾನು ಮಾಡಿದೆ’ ಎಂಬ ಭಾವವು ಮೊದಲು ಮುಚ್ಚುವುದು ಮಾಡಿದುದರಲ್ಲಿನ ಕೊರತೆಯನ್ನೇ.

ಕಪಾಟಿನ ಬಲವಾದರೋ ಕಣ್ಣಿಗೆ ಬೀಳದ ಸ್ಥಳದಲ್ಲಿದೆ. ಹಿಂಬದಿಗೆ ಹೊಡೆಯುವ ತೆಳುವಾದ ಹಲಗೆಯನ್ನು ಅನೇಕರು ಬರಿಯ ಮುಚ್ಚಳವೆಂದು ತಿಳಿಯುವರು. ಇಡೀ ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿದಿಡುವುದು ಅದೇ. ಅದಕ್ಕಿಂತ ಮುಖ್ಯವಾದುದು ಕಪಾಟನ್ನು ಗೋಡೆಗೆ ಬಿಗಿಯುವ ಪಟ್ಟಿ. ಪುಸ್ತಕದ ಕಡೆಯ ಪುಟಗಳಲ್ಲಿ ಅದರ ಚಿತ್ರವಿರುತ್ತದೆ; ಕಪಾಟು ನಿಂತ ಮೇಲೆ ಆ ಪುಟವನ್ನು ನೋಡುವವರು ಕಡಿಮೆ. ಗೋಡೆಯನ್ನು ಕೊರೆಯಬೇಕು, ಧೂಳಾಗುತ್ತದೆ, ನಾಳೆ ನೋಡೋಣವೆಂದು ಬಿಡುವರು. ಎಳೆಯ ಮಗುವು ಕೆಳಗಿನ ಸೆಳೆಖಾನೆಯನ್ನು ತೆರೆದು ಮೆಟ್ಟಿಲೆಂದು ಹತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಕಪಾಟು ಮಗುಚುತ್ತದೆ. ಇಂತಹ ದುರಂತಗಳಲ್ಲಿ ಮಕ್ಕಳು ಮಡಿದ ಮೇಲೆ, 2016ರಲ್ಲಿ, ಅಮೆರಿಕದಲ್ಲಿ ಐಕಿಯಾ ಸಂಸ್ಥೆಯು ಸುಮಾರು 2 ಕೋಟಿ 90 ಲಕ್ಷ ಸೆಳೆಖಾನೆ ಕಪಾಟುಗಳನ್ನು ಹಿಂದಕ್ಕೆ ಪಡೆಯುವೆನೆಂದು ಘೋಷಿಸಬೇಕಾಯಿತು. ಗೋಡೆಗೆ ಬಿಗಿಯದಿದ್ದರೆ ಅವು ಅಪಾಯಕರವೆಂಬುದೇ ಅದಕ್ಕೆ ಕಾರಣ.

ಅಂದು ರಾತ್ರಿ ಆ ಗೃಹಸ್ಥನು ಅಂಗಿಯನ್ನು ತೆಗೆಯುವಾಗ ಮೊಳೆಯು ನೆಲಕ್ಕೆ ಬಿದ್ದು ಸದ್ದಾಯಿತು. ಅವನು ಪುಸ್ತಕವನ್ನು ತೆರೆದನು. ಅದು ಗೋಡೆಯ ಪಟ್ಟಿಗೆ ಸೇರಿದ ಮೊಳೆಯಾಗಿತ್ತು. ಪಟ್ಟಿಯು ರಟ್ಟಿನ ಮಡಿಕೆಯಲ್ಲಿ ಇನ್ನೂ ಉಳಿದಿತ್ತು. ಪಕ್ಕದ ಕೋಣೆಯಲ್ಲಿ ಮಗಳು ಮಲಗಿದ್ದಳು. ಮರುದಿನ ಅವನು ಬೈರಿಗೆಯನ್ನು ಎರವಲು ತಂದು ಗೋಡೆಯನ್ನು ಕೊರೆದು ಕಪಾಟನ್ನು ಬಿಗಿದನು. ಆ ಮೊಳೆಯು ಕಪಾಟಿನ ಹಿಂದೆ ಮರೆಯಾಯಿತು. ಬಂದ ನೆಂಟರು ಕಪಾಟನ್ನು ಹೊಗಳಿದರು. ಮೊಳೆಯನ್ನು ಯಾರೂ ಕಾಣಲಿಲ್ಲ.

ಹೊಗಳಿಕೆಗೆ ಸಿಗದ ಈ ಕೆಲಸವೇ ಕಾಯಕದ ತಿರುಳು. ಮನೆಯೂ ಇಂತಹ ಕಾಣದ ಮೊಳೆಗಳಿಂದಲೇ ನಿಂತಿದೆ: ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸುವ ತಾಯಿ, ರಾತ್ರಿ ಬಾಗಿಲ ಅಗುಳಿಯನ್ನು ಮತ್ತೊಮ್ಮೆ ಮುಟ್ಟಿ ನೋಡುವ ಹಿರಿಯ. ಕೈಯಿಂದ ಏನನ್ನೇ ಮಾಡಿದರೂ, ಕಂಡು ಮೆಚ್ಚುವ ಭಾಗವನ್ನು ಮುಗಿಸಿದೊಡನೆ ಏಳದೆ, ಯಾರೂ ನೋಡದ ಕಡೆಯ ಪುಟವನ್ನೂ ತೆರೆದು ನೋಡತಕ್ಕದ್ದು. ಮಾಡಿದವನು ಅಲ್ಲಿ ಮರೆಯಾಗುವನು, ಮಾಡಿದುದು ನಿಲ್ಲುವುದು.