ಹೋಗಿ ಬರ್ತೀನಿ

"ನನ್ನ ಜೀವ, ನನ್ನ ಗಾಡಿ, ನನ್ನ ಇಷ್ಟ." ಈ ವಾದವನ್ನ ಸೋಲಿಸೋದು ನಾವು ಅಂದುಕೊಂಡಷ್ಟು ಸುಲಭ ಅಲ್ಲ. ಅಪಾಯ ಇದೆ ಅಂದ್ರೆ "ಗೊತ್ತು" ಅಂತಾರೆ. ಅಪ್ಪ ಅಮ್ಮನ ನೆನಪು ಮಾಡಿಕೊಟ್ರೆ "ಅದಕ್ಕೆ ಬದುಕೋದನ್ನೇ ಬಿಡ್ಬೇಕಾ?" ಅಂತಾರೆ. ಎರಡೂ ನ್ಯಾಯವಾದ ಉತ್ತರಗಳೇ. ಹಾಗಾದ್ರೆ ತಡೆಯೋ ಹಕ್ಕು ಯಾರಿಗೂ ಇಲ್ವಾ?

ಈ ವಾದ ಸದ್ಯ ನಮ್ಮ ಮನೆಯಲ್ಲೇ ನಡೀತಿದೆ. ವಿಜಯಪುರದ ಪಕ್ಕದ ತೊರವಿಯಲ್ಲಿರುವ ನನ್ನ ಚಿಗವ್ವನ ಮಗ, ಇಪ್ಪತ್ಮೂರು ವರ್ಷದವನು, ನಾಲ್ಕು ತಿಂಗಳ ಹಿಂದೆ 155 ಸಿಸಿಯ ಸ್ಪೋರ್ಟ್ಸ್ ಬೈಕ್ ತಗೊಂಡ. ಅದಕ್ಕೂ ಮುಂಚೆ ಅವನು ಓಡಿಸಿದ್ದು ಅವರಪ್ಪನ ಸ್ಕೂಟರ್ ಮಾತ್ರ. ಈಗ ದೀಪಾವಳಿ ರಜೆಗೆ ಒಬ್ಬನೇ ಗೋಕರ್ಣಕ್ಕೆ ಹೋಗ್ತಾನಂತೆ. ಚಿಗವ್ವ ಸುತರಾಂ ಒಪ್ಪಿಲ್ಲ. "ಆ ಗಾಡಿ ಮ್ಯಾಲ ಮಂದಿ ಕುಂತಂಗ ಕುಂಡ್ರಂಗಿಲ್ಲವಾ ಅಂವ, ಬೋರಲ ಮಲಗಿದಂಗ ಕುಂಡ್ರತಾನ. ಅಷ್ಟು ದೂರ ಹ್ಯಾಂಗ ಹೊಕ್ಕಾನ?" ಅನ್ನೋದು ಅವಳ ತಕರಾರು. ಅವನು ನನಗೆ ಫೋನ್ ಮಾಡಿ, "ಅಕ್ಕಾ, ನೀನೂ ಗಾಡಿ ಹೊಡೀತಿ. ಅವ್ವಗ ನೀನಾ ಹೇಳು" ಅಂದ. ಎಂಟು ವರ್ಷದಿಂದ ಬೆಂಗಳೂರು-ವಿಜಯಪುರ ಬೈಕಲ್ಲೇ ಓಡಾಡೋ ನಾನು ಅವನ ಪರ ನಿಲ್ತೀನಿ ಅನ್ನೋದು ಅವನ ಲೆಕ್ಕ.

ನಾನು ಅವನ ಪರವೇ. ಆದರೆ ಅವನ ವಾದದ ಪರ ಅಲ್ಲ.

ಮೊದಲು ಅವನ ಆಸೆಯ ಬಗ್ಗೆ. ಅದು ಹುಚ್ಚಾಟ ಅಂತ ನನಗನಿಸಲ್ಲ. ತೊರವಿಯಿಂದ ನಗರಕ್ಕೆ ಬಂದು ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಅದೊಂದೇ ರಸ್ತೆ ಹುಬ್ಬಳ್ಳಿ, ಯಲ್ಲಾಪುರ ದಾಟಿಸಿ ಅಂಕೋಲಾಕ್ಕೆ ತಲುಪಿಸುತ್ತೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಬೆಳಿಗ್ಗೆ ಎರೆಹೊಲದ ಜೋಳದ ನಡುವೆ ಹೊರಟವನು ಸಂಜೆ ಸಮುದ್ರದ ಮುಂದೆ ಇರ್ತಾನೆ. ಬಿಸಿಲನಾಡಿನಲ್ಲಿ ಬೆಳೆದ ಹುಡುಗನಿಗೆ ಅದು ಎಂಥ ಸೆಳೆತ ಅಂತ ನನಗೆ ಗೊತ್ತು. ಇಂಥ ಆಸೆಗಳನ್ನೆಲ್ಲ "ಬ್ಯಾಡ" ಅನ್ನೋ ಒಂದೇ ಮಾತಲ್ಲಿ ಮುಗಿಸಿಬಿಟ್ಟರೆ ಬದುಕಿನಲ್ಲಿ ಸಂಬಳ, ಇಎಮ್‌ಐ ಬಿಟ್ಟು ಉಳಿಯೋದೇನು?

ದೂರವೇ ಅಪಾಯ ಅನ್ನೋ ಚಿಗವ್ವನ ನಂಬಿಕೆಯೂ ಪೂರ್ತಿ ಸರಿಯಲ್ಲ. ನಟ ಸಂಚಾರಿ ವಿಜಯ್ 2021ರ ಜೂನಿನಲ್ಲಿ ತೀರಿಕೊಂಡಿದ್ದು ಯಾವುದೋ ಹೆದ್ದಾರಿಯ ಸಾಹಸದಲ್ಲಿ ಅಲ್ಲ. ಬೆಂಗಳೂರಿನೊಳಗೇ, ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಆದ ಅಪಘಾತದಿಂದ.

ಇನ್ನು ಅವನ ವಾದಕ್ಕೆ ಬರೋಣ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ'ಯಲ್ಲಿ ಒಂದು ಸೇತುವೆಯ ಉದಾಹರಣೆ ಬರುತ್ತೆ. ಅಪಾಯಕಾರಿ ಅಂತ ಖಚಿತವಾಗಿರೋ ಸೇತುವೆಯನ್ನ ಒಬ್ಬ ದಾಟೋಕೆ ಹೊರಟಿದ್ದಾನೆ. ಅವನಿಗೆ ಅದು ಗೊತ್ತಿಲ್ಲ, ಎಚ್ಚರಿಸೋಕೆ ಸಮಯವೂ ಇಲ್ಲ. ಆಗ ಅವನನ್ನ ಹಿಡಿದು ಹಿಂದಕ್ಕೆ ಎಳೆದರೂ ಅವನ ಸ್ವಾತಂತ್ರ್ಯಕ್ಕೆ ಧಕ್ಕೆ ಆದಂತಲ್ಲ. ಯಾಕಂದ್ರೆ ನದಿಗೆ ಬೀಳೋದು ಅವನ ಇಷ್ಟ ಅಲ್ಲ. ಆದರೆ ಬೀಳೋದು ಖಚಿತ ಅಲ್ಲ, ಬೀಳಬಹುದು ಅಷ್ಟೇ ಅನ್ನುವಾಗ ಆ ಅಪಾಯಕ್ಕೆ ಇಳಿಯೋದು ಬಿಡೋದು ಅವನಿಗೇ ಬಿಟ್ಟಿದ್ದು. ನಾವು ಎಚ್ಚರಿಸಬಹುದು, ತಡೆಯುವಂತಿಲ್ಲ.

ನಮ್ಮ ಹುಡುಗ ಈ ಎರಡನೇ ಮಾತನ್ನೇ ಹಿಡಿದುಕೊಳ್ತಾನೆ: ನನಗೆ ಅಪಾಯ ಗೊತ್ತು, ಹಾಗಾಗಿ ನನ್ನನ್ನ ಬಿಡಿ. ನನ್ನ ಪ್ರಶ್ನೆ ಇರೋದು ಆ 'ಗೊತ್ತು' ಅನ್ನೋ ಪದದ ಮೇಲೆ.

ಅಂಕಿ ಅಂಶ ಅವನಿಗೆ ಗೊತ್ತಿದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರೇ 50,029. ಇದನ್ನ ಹೇಳಿದರೆ "ಅದಕ್ಕಾ ನಾ ಚಲೋ ಹೆಲ್ಮೆಟ್ ತಗೊಂಡೀನಿ" ಅಂತಾನೆ. ಸರಿಯಾದ ಉತ್ತರವೇ. ಆದರೆ ಇದು ಲಕ್ಷಾಂತರ ಜನರ ಬಗೆಗಿನ ತಿಳಿವಳಿಕೆ, ಅವನ ಕೈಕಾಲಿನ ಬಗೆಗಿನ ತಿಳಿವಳಿಕೆ ಅಲ್ಲ.

ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ಕೆಳಗಿರುತ್ತೆ, ಕಾಲಿಡೋ ಜಾಗ ಹಿಂದಿರುತ್ತೆ. ಮೈಭಾರ ಅಂಗೈ, ಮಣಿಕಟ್ಟಿನ ಮೇಲೆ ಬೀಳುತ್ತೆ. ಮೊಣಕಾಲಿಂದ ಟ್ಯಾಂಕನ್ನ ಅಪ್ಪಿ ಹಿಡಿದು ಕೈ ಸಡಿಲ ಬಿಡೋದನ್ನ ಮೈ ಕಲಿಯೋವರೆಗೆ ಹೊಸಬರು ಹ್ಯಾಂಡಲನ್ನೇ ಬಿಗಿಯಾಗಿ ಹಿಡೀತಾರೆ. ಎರಡು ಗಂಟೆ ಆದಮೇಲೆ ಬೆರಳು ಜೋಮು ಹಿಡಿಯುತ್ತೆ, ಕುತ್ತಿಗೆ ಸೆಟೆಯುತ್ತೆ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಸಿಗೋದು ಇನ್ನೂ ಎಷ್ಟೋ ಗಂಟೆ ಆದಮೇಲೆ. ಅಲ್ಲಿ ಇಳಿಜಾರು, ಮೇಲಿಂದ ಮೇಲೆ ಬ್ರೇಕು. ಅಂದ್ರೆ ಸೋತ ಕೈಗಳ ಮೇಲೆ ಇನ್ನೂ ಹೆಚ್ಚು ಭಾರ. ಎದುರಿಗೆ ಲಾರಿಗಳು.

"ಎಬಿಎಸ್ ಐತಿ ಅಕ್ಕಾ" ಅಂತಾನೆ. ಎಬಿಎಸ್ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತೆ, ನಿಜ. ಆದರೆ ಗಂಟೆಗೆ 100 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಣ್ಣು ಕಂಡಿದ್ದು ಕೈಗೆ ಮುಟ್ಟೋ ಆ ಒಂದು ಸೆಕೆಂಡಲ್ಲಿ ಬ್ರೇಕ್ ಇನ್ನೂ ಶುರುವೇ ಆಗಿರಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತೆ. ಇನ್ನೊಂದಿದೆ: ಗಾಬರಿಯಾದಾಗ ಮನುಷ್ಯ ಎದುರಿನ ಅಪಾಯವನ್ನೇ ದಿಟ್ಟಿಸುತ್ತಾನೆ, ನೋಡಿದ ಕಡೆಗೇ ಬೈಕೂ ಹೋಗುತ್ತೆ. ಹೋಗಬೇಕಾದ ಖಾಲಿ ಜಾಗ ನೋಡು ಅಂತ ಯಾರು ಎಷ್ಟು ಹೇಳಿದರೂ ಪ್ರಯೋಜನ ಇಲ್ಲ. ನೂರಾರು ತಿರುವಿನಲ್ಲಿ ಮಾಡಿ ಮಾಡಿ ಕಣ್ಣಿಗೇ ಅಭ್ಯಾಸ ಆಗಬೇಕು. ಎಂಟರ ಆಕಾರದಲ್ಲಿ ಓಡಿಸಿ ತಗೊಂಡ ಲೈಸೆನ್ಸಿನಲ್ಲಿ ಇದ್ಯಾವುದೂ ಇರಲ್ಲ.

ಹಾಗಾಗಿ ಅವನು "ಗೊತ್ತು, ಒಪ್ಪಿದ್ದೀನಿ" ಅಂದಾಗ ಒಪ್ಪಿರೋದು ಅಪಾಯವನ್ನಲ್ಲ, ಅಪಾಯದ ಒಂದು ಫೋಟೋವನ್ನ. ಆ್ಯಪ್ ಹಾಕುವಾಗ ಏನನ್ನೂ ಓದದೆ 'ಐ ಅಗ್ರೀ' ಒತ್ತುತ್ತೀವಲ್ಲ, ಹಾಗೆ. ಸ್ವಾತಂತ್ರ್ಯದ ಹೆಸರಲ್ಲಿ ಅವನು ಕೇಳ್ತಿರೋ ಹಕ್ಕು ಒಳ್ಳೆಯದೇ. ಆದರೆ ಆ ಹಕ್ಕು ನಿಂತಿರೋದು ತಿಳಿವಳಿಕೆಯ ಮೇಲೆ, ಮತ್ತು ಆ ತಿಳಿವಳಿಕೆ ಅವನ ಹತ್ತಿರ ಇನ್ನೂ ಇಲ್ಲ.

ಇದಕ್ಕೆ ಗಟ್ಟಿಯಾದ ಒಂದು ಮರುಪ್ರಶ್ನೆ ಇದೆ, ಅವನೇ ಕೇಳಿದ: "ಹೊಡೀಲಾರದ ಹ್ಯಾಂಗ ಕಲೀಬೇಕು?" ಓಡಿಸದೆ ತಿಳಿಯಲ್ಲ, ತಿಳಿಯದೆ ಓಡಿಸಬಾರದು ಅಂದ್ರೆ ಯಾರೂ ಏನನ್ನೂ ಶುರು ಮಾಡೋಕೇ ಆಗಲ್ಲ. ನಿಜ. ಮದುವೆ, ಹೊಸ ಕೆಲಸ, ಸ್ವಂತ ಬಿಸಿನೆಸ್ ಎಲ್ಲದರಲ್ಲೂ ನಾವು ಅರ್ಧಂಬರ್ಧ ತಿಳಿದೇ ಕೈ ಹಾಕೋದು. ಬೈಕಿನ ವಿಷಯದಲ್ಲಿ ಮಾತ್ರ ಒಂದು ಅನುಕೂಲ ಇದೆ: ಈ ತಿಳಿವಳಿಕೆ ಚಿಲ್ಲರೆಯಲ್ಲೂ ಸಿಗುತ್ತೆ. ತಿಕೋಟಾಕ್ಕೆ ಹೋಗಿ ಬರಬಹುದು, ಬಬಲೇಶ್ವರಕ್ಕೆ ಹೋಗಿ ಬರಬಹುದು. ಕೊರ್ತಿ-ಕೊಲ್ಹಾರದ ಉದ್ದನೆಯ ಸೇತುವೆ ಮೇಲೆ ಕೃಷ್ಣೆಯ ಅಡ್ಡಗಾಳಿ ಬೈಕನ್ನ ಹ್ಯಾಗೆ ತಳ್ಳುತ್ತೆ ಅಂತ ನೋಡಿ ವಾಪಸ್ ಬರಬಹುದು. ಅದೇ ರಸ್ತೆಯಲ್ಲಿ ಕೆರೂರಿನವರೆಗೆ ಹೋಗಿ ಬಾದಾಮಿಗೆ ತಿರುಗಿ, ಒಂದು ರಾತ್ರಿ ಅಲ್ಲೇ ಉಳಿದು, ಮರುದಿನ ನೋಯುವ ಮೈಯಲ್ಲೇ ಓಡಿಸೋದು ಹ್ಯಾಗಿರುತ್ತೆ ಅಂತ ತಿಳಿದುಕೊಳ್ಳಬಹುದು. ಪ್ರತಿ ಸಲವೂ ಸಣ್ಣ ಬೆಲೆ, ಪ್ರತಿ ಸಲವೂ 'ಇಷ್ಟು ಸಾಕು' ಅನ್ನೋ ಅವಕಾಶ. ಇಷ್ಟಾದ ಮೇಲೆ ಅವನು ಘಟ್ಟ ಇಳೀತೀನಿ ಅಂದ್ರೆ, ಆಗ ಅದು ನಿಜವಾಗಿ ಅವನ ಇಷ್ಟ.

ಪೂರ್ತಿ ತಿಳಿದವರೂ ಬೀಳ್ತಾರೆ. ಡಕಾರ್ ರ‍್ಯಾಲಿಯನ್ನ 2015ರಲ್ಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, 2021ರ ಜನವರಿಯಲ್ಲಿ ಅದೇ ರ‍್ಯಾಲಿಯಲ್ಲಿ ಸೌದಿಯ ಮರಳುಗಾಡಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಹೆಲಿಕಾಪ್ಟರಲ್ಲಿ ಆಸ್ಪತ್ರೆಗೆ ಸಾಗಿಸಿದರು, ಚೇತರಿಸಿಕೊಂಡು ಊರಿಗೆ ಬಂದರು. ಅವರಿಗೆ ತಿಳಿದಿರಲಿಲ್ಲ ಅಂತ ಯಾರೂ ಹೇಳಲ್ಲ. ತಯಾರಿಯಿಂದ ಅಪಾಯ ಸೊನ್ನೆ ಆಗಲ್ಲ. ಇನ್ನು, ಅಂಕೋಲಾದಿಂದ ಗೋಕರ್ಣದ ಕಡೆ ಹೋಗೋ ದಾರಿಯಲ್ಲೇ ಇರೋ ಶಿರೂರಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಅದರಡಿ ಸಿಕ್ಕವರು ಸಾಹಸಕ್ಕೆ ಹೊರಟವರೇನಲ್ಲ, ರಸ್ತೆ ಬದಿಯ ಚಹಾದಂಗಡಿಯ ಹತ್ತಿರ ಇದ್ದವರು. ಇಂಥ ಅಪಾಯ ಎಲ್ಲರ ಪಾಲಿಗೂ ಇದೆ. ಕೈಲಾದಷ್ಟನ್ನ ಮಾಡಿ ಮುಗಿಸಿದವರು ಮಾತ್ರ ಉಳಿದದ್ದನ್ನ ಹಣೆಬರಹಕ್ಕೆ ಬಿಡಬಹುದು ಅಂತ ನನಗನ್ನಿಸುತ್ತೆ.

ಇಲ್ಲಿವರೆಗೂ ಹೇಳಿದ್ದು ಅವನ ಜೀವದ ಮಾತು. ಆದರೆ ರಸ್ತೆ ಅವನೊಬ್ಬನದಲ್ಲ. ತೊರವಿಯಿಂದ ಹೊರಟ ಕೂಡಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ಅಥಣಿ ರಸ್ತೆ ದಾಟ್ತಿರ್ತಾರೆ. ವಿಜಯಪುರ ಸೈಕ್ಲಿಂಗಿಗೆ ಹೆಸರಾದ ಜಿಲ್ಲೆ. ನಸುಕಿನಲ್ಲೇ ಮಕ್ಕಳು ಹೆದ್ದಾರಿ ಬದಿಯಲ್ಲಿ ತಲೆ ತಗ್ಗಿಸಿ ಸೈಕಲ್ ತುಳೀತಿರ್ತಾರೆ. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಬೇರೆ: ಹಿಂದೆ ಲೈಟಿಲ್ಲದ ಟ್ರ್ಯಾಕ್ಟರುಗಳು, ಜೋಡಿ ಟ್ರೇಲರುಗಳು. ಇವರ‍್ಯಾರೂ ಅವನ ಕಲಿಕೆಯ ಅಪಾಯಕ್ಕೆ ಒಪ್ಪಿಗೆ ಕೊಟ್ಟಿಲ್ಲ. 'ನನ್ನ ಜೀವ' ಅನ್ನೋ ವಾದ ಆ ಸೈಕಲ್ ಹುಡುಗನ ಪಕ್ಕಕ್ಕೆ ಬಂದ ಕ್ಷಣ ಮುಗಿಯುತ್ತೆ. ಮಿಲ್ ಕೂಡ ಗೆರೆ ಎಳೆದಿದ್ದು ಅಲ್ಲೇ.

ಹಾಗಾದ್ರೆ ಚಿಗವ್ವನ ಹಕ್ಕೇನು? ಅವಳ ಭಯವೊಂದೇ ಬೆಳೆದ ಮಗನನ್ನ ಕಟ್ಟಿಹಾಕೋಕೆ ಸಾಕಾಗಲ್ಲ ಅಂತ ನನ್ನ ಅಭಿಪ್ರಾಯ. ಭಯವೇ ಸಾಕು ಅಂದಿದ್ದರೆ ನಾನು ಬೆಂಗಳೂರಿಗೇ ಬರ್ತಿರಲಿಲ್ಲ. ಆದರೆ ಅವನಿಗೇನಾದರೂ ಆದರೆ ಆಸ್ಪತ್ರೆ ಬಾಗಿಲಲ್ಲಿ ಕೂರೋಳು ಅವಳು. ಅವಳಿಗೆ ಸಲ್ಲಬೇಕಾದ್ದು ಲೆಕ್ಕ: ಯಾವ ದಾರಿ, ಎಲ್ಲೆಲ್ಲಿ ನಿಲ್ತಾನೆ, ಕತ್ತಲಾಗೋ ಮುಂಚೆ ಎಲ್ಲಿ ತಂಗ್ತಾನೆ, ವಿಮೆ ಇದೆಯಾ, ಎಷ್ಟೊತ್ತಿಗೆ ಫೋನ್ ಮಾಡ್ತಾನೆ. ಇಷ್ಟು ಹೇಳೋಕೂ ಬೇಸರ ಅನ್ನೋನು ಇನ್ನೂ ತಯಾರಾಗಿಲ್ಲ.

ನಮ್ಮ ಕಡೆ ಮನೆಯಿಂದ ಹೊರಡುವಾಗ ಬರೀ "ಹೋಗ್ತೀನಿ" ಅಂದ್ರೆ ಹಿರಿಯರು ಬೈತಾರೆ, "ಹೋಗಿ ಬರ್ತೀನಿ ಅನ್ನು" ಅಂತ. ಶಕುನದ ಮಾತು ಅಂತ ನಾವು ಅಂದ್ಕೊಂಡಿರೋ ಇದರಲ್ಲಿ ಒಂದು ಕರಾರೂ ಇದೆ. ಬರೋದು ಪೂರ್ತಿ ನಮ್ಮ ಕೈಯಲ್ಲಿಲ್ಲ, ಆದರೆ ಒಂದು ಪಾಲು ಖಂಡಿತ ಇದೆ: ಹುಬ್ಬಳ್ಳಿಯಲ್ಲೇ ಕೈ ಜೋಮು ಹಿಡಿದರೆ ಅಲ್ಲೇ ರೂಮು ಮಾಡೋದು, ಯಲ್ಲಾಪುರದಲ್ಲಿ ಮಳೆ ಬಂದರೆ ಘಟ್ಟ ಇಳಿಯದೆ ತಿರುಗಿ ಬರೋದು. ಗೆಳೆಯರಿಗೆಲ್ಲ ಹೇಳಿ, ಸ್ಟೇಟಸ್ ಹಾಕಿ ಹೊರಟವನಿಗೆ ಇದು ನೂರರ ಸ್ಪೀಡಿಗಿಂತ ಕಷ್ಟ. ಸಮುದ್ರ ನೋಡದೆ ವಾಪಸ್ ಬರೋ ಧೈರ್ಯ ಇದೆಯಾ ಅಂತ ಅವನನ್ನ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ವಿಚಾರ ಮಾಡ್ತೀನಿ" ಅಂದ. ಅವನ ಇಷ್ಟೂ ವಾದಗಳಲ್ಲಿ ನನಗೆ ಭರವಸೆ ಹುಟ್ಟಿಸಿದ ಮಾತು ಅದೊಂದೇ.

ಚಿಗವ್ವ ನನ್ನನ್ನೂ ಬಿಟ್ಟಿಲ್ಲ. "ನೀ ಹೂಂ ಅಂದು ಅಂವ ಬಿದ್ರ ನಿನ್ನ ಮ್ಯಾಲ ಬರತೈತಿ ನೋಡು" ಅಂದಳು. ಅವಳು ಹೇಳೋದು ಸರಿ. ಸಲಹೆ ಕೊಡೋದು ಪುಕ್ಕಟೆ ಕೆಲಸ ಅಲ್ಲ, ಫಲದಲ್ಲಿ ಸಲಹೆ ಕೊಟ್ಟವರದ್ದೂ ಪಾಲಿರುತ್ತೆ. ಬೇಡ ಅಂದ್ರೆ ಆ ಪಾಲು ತಪ್ಪುತ್ತೆ ಅಂತೇನಿಲ್ಲ. ಯಾರಿಗೂ ಹೇಳದೆ, ಏನೂ ಕಲಿಯದೆ ಒಂದು ಬೆಳಿಗ್ಗೆ ಅವನು ಹೊರಟುಬಿಟ್ಟರೆ ಅದರಲ್ಲೂ ನನ್ನ ಪಾಲಿದೆ. ಅದಕ್ಕೇ ನಾನು ಹೂಂ ಅಂದೂ ಇಲ್ಲ, ಊಹೂಂ ಅಂದೂ ಇಲ್ಲ. ಈ ದೀಪಾವಳಿಗೆ ಬಾದಾಮಿ ಮುಗಿಸು, ನಾನೂ ರಜೆ ಹಾಕಿ ಬರ್ತೀನಿ, ನಿನ್ನ ಹಿಂದೆ ನನ್ನ ಗಾಡಿ ಇರುತ್ತೆ ಅಂದಿದ್ದೀನಿ. ಗೋಕರ್ಣ ಎಲ್ಲಿಗೂ ಓಡಿಹೋಗಲ್ಲ.